ಹದಿನಾಲ್ಕು ಮನವಿ, ಎರಡು ಕೆಲಸ: ಭತ್ತ-ಜೋಳದವರ ಮಾತು ಸರ್ಕಾರಕ್ಕೆ ಮುಟ್ಟೋದು ಹೇಗೆ?

ಕೊನೆಕಾಲುವೆ (ಸಿರವಾರ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಊರ ರೈತರ ಗುಂಪು ಇದುವರೆಗೆ ಕೊಟ್ಟ ಮನವಿಗಳ ನಕಲು ನಮ್ಮ ಮನೆಯ ಒಂದು ಪ್ಲಾಸ್ಟಿಕ್ ಫೈಲಿನಲ್ಲಿದೆ. ನಿನ್ನೆ ಮಳೆ ಬಂದು ಹೊಲಕ್ಕೆ ಹೋಗಲಿಲ್ಲ. ಸುಮ್ನೆ ಕೂತು ಎಣಿಸಿದೆ. ಆರು ವರ್ಷದಲ್ಲಿ ಹದಿನಾಲ್ಕು. ಅದರಲ್ಲಿ ಕೆಲಸ ಆಗಿದ್ದು ಎರಡು. ಒಂದು ತೂಬಿನ ಶಟರ್ ರಿಪೇರಿ, ಇನ್ನೊಂದು ಖರೀದಿ ಕೇಂದ್ರಕ್ಕೆ ಎರಡನೇ ತೂಕದ ಯಂತ್ರ. ಉಳಿದ ಹನ್ನೆರಡಕ್ಕೆ ಫೋಟೊ ಸಿಕ್ಕಿದೆ, ಪೇಪರಿನಲ್ಲಿ ಎರಡು ಸಾಲು ಬಂದಿದೆ. ಅಷ್ಟೇ.

ಹೋದ ಹಂಗಾಮಿನಲ್ಲಿ ನಡೆದದ್ದು ಹೇಳುತ್ತೇನೆ, ನಗಬೇಡಿ. ಒಂಬತ್ತು ಜನ ಒಬ್ಬ ಅಧಿಕಾರಿಯ ಮುಂದೆ ಕೂತಿದ್ದೆವು. ನಾನೇ ಜೋರು ದನಿಯಲ್ಲಿ ಶುರು ಮಾಡಿದೆ. "ಬೆಂಬಲ ಬೆಲೆ 2,369 ರೂಪಾಯಿ ಸರ್. ನಾವು ಮಾರುತ್ತಿರುವುದು 1,700ಕ್ಕೆ. 669 ರೂಪಾಯಿ ಹೊಡೆತ." ಅವರು ಪೆನ್ನು ಕೆಳಗಿಟ್ಟು ಕೇಳಿದರು: "1,700 ಚೀಲಕ್ಕೋ ಕ್ವಿಂಟಲ್‌ಗೋ?"

ಚೀಲಕ್ಕೆ. ನಮ್ಮ ಕಡೆ ಭತ್ತ ಅಂದರೆ 75 ಕೆಜಿ ಚೀಲದ ಲೆಕ್ಕ. ಬೆಂಬಲ ಬೆಲೆ ಕ್ವಿಂಟಲ್‌ಗೆ. 1,700 ಅಂದರೆ ಕ್ವಿಂಟಲ್‌ಗೆ 2,267 ಆಯಿತು. ಹೊಡೆತ 669 ಅಲ್ಲ, 102. ಅದೂ ಕಡಿಮೆ ಏನಲ್ಲ, ಎಕರೆಗೆ ಹಿಡಿದರೆ ಗೊಬ್ಬರದ ದುಡ್ಡು. ಆದರೆ ಅಷ್ಟೊತ್ತಿಗೆ ನಮ್ಮ ಮಾತಿನ ತೂಕ ಹೋಗಿತ್ತು. ಆಮೇಲೆ ನೀರಿನ ವಿಷಯ, ತೇವಾಂಶದ ವಿಷಯ ಎಲ್ಲ ಹೇಳಿದೆವು. "ಆಯ್ತು, ನೋಡೋಣ" ಅಂದರು. ಟೀ ಕುಡಿಸಿದರು.

ಕೇಳಬೇಕಾದದ್ದು ಇಷ್ಟು. ಯಾವ ಮಾತು ಯಾರ ಹತ್ತಿರ, ಯಾವಾಗ ಹೇಳಬೇಕು? ಕೆಲಸ ಆಗುವಂತೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

---

ಸಿರುಗುಪ್ಪ ಪೋರ

ಅಣ್ಣ, ಇನ್ನೊಂದು ತಪ್ಪೂ ಇದೆ. ನೀವು ಬೆಳೆದದ್ದು ಸೋನಾ ಮಸೂರಿ ಆದರೆ ಅದು ಎ ದರ್ಜೆಗೆ ಬರುತ್ತೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ 2,369, ಎ ದರ್ಜೆಗೆ 2,389. ಹೊಡೆತ 122 ಆಯ್ತು. ನಿಮ್ಮ ಪಾಲಿನದೇ 20 ರೂಪಾಯಿ ಬಿಟ್ಟುಕೊಟ್ಟು ಬಂದಿದ್ದೀರಿ.

---

ಕೊನೆಕಾಲುವೆ

ಇನ್ನಷ್ಟು ಉಪ್ಪು ಸವರು ತಮ್ಮಾ.

---

ರಿಟೈರ್ಡ್ ಗುಮಾಸ್ತ (ರಾಯಚೂರು)

ನಾನು ಮೂವತ್ತು ವರ್ಷ ಒಂದು ಕಚೇರಿಯಲ್ಲಿ ಟಪಾಲು ನೋಡಿಕೊಂಡವನು. ಮನವಿ ಕೊಟ್ಟವರು ಮೆಟ್ಟಿಲು ಇಳಿದ ಮೇಲೆ ಅದಕ್ಕೆ ಏನಾಗುತ್ತದೆ ಅಂತ ಹೇಳಬಲ್ಲೆ.

ನಿಮ್ಮ ಮನವಿಯಲ್ಲಿ ಎಷ್ಟು ಬೇಡಿಕೆ ಇತ್ತು? ಊಹಿಸುತ್ತೇನೆ, ಹತ್ತೋ ಹನ್ನೊಂದೋ. ಬೆಂಬಲ ಬೆಲೆ, ಕಾಲುವೆ ನೀರು, ಟ್ರಾನ್ಸ್‌ಫಾರ್ಮರ್, ಬೆಳೆ ವಿಮೆ, ಸಾಲ ಮನ್ನಾ, ಊರಿನ ರಸ್ತೆ. ಹೌದಲ್ವಾ? ಆ ಒಂದು ಹಾಳೆ ಆರು ಇಲಾಖೆಗೆ ಸಂಬಂಧಿಸಿದ್ದು. ಯಾವ ಟೇಬಲ್ಲಿಗೂ ಪೂರ್ತಿ ಸೇರಿದ್ದಲ್ಲ. ಸಾಹೇಬರು ಮೂಲೆಯಲ್ಲಿ "ಸೂಕ್ತ ಕ್ರಮಕ್ಕೆ" ಅಂತ ಷರಾ ಬರೆಯುತ್ತಾರೆ. ಮುಂದಿನ ಟೇಬಲ್ಲಿನವನು "ಇದು ನಮಗೆ ಸಂಬಂಧಿಸಿದ್ದಲ್ಲ" ಅಂತ ಬರೆಯುತ್ತಾನೆ. ಕಡತ ಕಟ್ಟಿಬಿಡುತ್ತಾರೆ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಕೆಲಸವನ್ನೂ ಮಾಡಿಲ್ಲ.

ನಿಮ್ಮ ಶಟರು, ತೂಕದ ಯಂತ್ರದ ಮನವಿ ತೆಗೆದು ನೋಡಿ. ಅವೆರಡರಲ್ಲೂ ಒಂದೊಂದೇ ಬೇಡಿಕೆ ಇರುತ್ತದೆ ಅಂತ ನನ್ನ ಗುಮಾನಿ.

ಒಂದು ಹಾಳೆ, ಒಂದು ವಿಷಯ, ಒಂದು ಕಚೇರಿ. ಕೊಟ್ಟ ಕೂಡಲೇ ನಿಮ್ಮ ನಕಲಿನ ಮೇಲೆ ಸೀಲು, ತಾರೀಖು, ಟಪಾಲು ನಂಬರ್ ಹಾಕಿಸಿಕೊಳ್ಳಿ. ತಿಂಗಳು ಬಿಟ್ಟು ಹೋಗಿ "ಹಿಂಬರಹ ಕೊಡಿ" ಅಂತ ಕೇಳಿ, ಅಂದರೆ ಕಚೇರಿಯ ಲಿಖಿತ ಉತ್ತರ. ಜಗಳ ಬೇಡ. ಹಿಂಬರಹ ಅಂದ ಕೂಡಲೇ ಗುಮಾಸ್ತನಿಗೆ ಇವರು ಬಿಡೋರಲ್ಲ ಅಂತ ಗೊತ್ತಾಗುತ್ತದೆ. ನನಗೆ ಗೊತ್ತಾಗುತ್ತಿತ್ತು!

---

ಕೊನೆಕಾಲುವೆ

ಸರ್, ಈಗಷ್ಟೇ ಫೈಲ್ ತೆಗೆದು ನೋಡಿದೆ. ಶಟರಿನದ್ದು ನಾಲ್ಕೇ ಸಾಲು. ತೂಕದ ಯಂತ್ರದ್ದು ನೋಟ್‌ಬುಕ್ ಹಾಳೆ, ಕೈಬರಹ. ಲೆಟರ್‌ಹೆಡ್ಡೂ ಇಲ್ಲ. ಹನ್ನೊಂದು ಬೇಡಿಕೆಯ ಮನವಿ ಮಾತ್ರ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದ್ದು, ಹಸಿರು ಬಾರ್ಡರ್ ಬೇರೆ.

---

ಹಸಿರು ಟವಲ್

ಗುಮಾಸ್ತ ಸರ್ ಮಾತು ಒಪ್ಪಿದೆ, ಆದರೆ ಅರ್ಧ. ಸೀಲು, ಹಿಂಬರಹ ಅಂತ ಕೂತಿದ್ದರೆ 1980ರಲ್ಲಿ ಏನಾಗುತ್ತಿತ್ತು? ನರಗುಂದ-ನವಲಗುಂದದಲ್ಲಿ ಮಲಪ್ರಭಾ ರೈತರ ಮೇಲೆ ನೀರು ಸರಿಯಾಗಿ ಮುಟ್ಟುವ ಮುಂಚೆಯೇ ಅಭಿವೃದ್ಧಿ ಕರ ಹೇರಿದರು. ಅವರೂ ಮನವಿ ಕೊಟ್ಟಿದ್ದರು. ಕೊನೆಗೆ ಜುಲೈ 21ಕ್ಕೆ ಗೋಲಿಬಾರ್ ಆಯಿತು, ರೈತರು ಸತ್ತರು. ಅದೇ ವರ್ಷ ರೈತ ಸಂಘ ಹುಟ್ಟಿತು, ಪ್ರೊಫೆಸರ್ ನಂಜುಂಡಸ್ವಾಮಿ ಅವರು ಹೆಗಲ ಮೇಲೆ ಹಸಿರು ಟವಲ್ ಹಾಕಿಸಿದರು. ಅದಕ್ಕೂ ಮುಂಚೆ ರೈತ ಕಚೇರಿಗೆ ಹೋದರೆ ಚಪ್ಪಲಿ ಹೊರಗೆ ಬಿಟ್ಟು ನಿಲ್ಲುತ್ತಿದ್ದ. ನಮ್ಮಪ್ಪ ನಿಂತಿದ್ದನ್ನು ನಾನು ನೋಡಿದ್ದೇನೆ.

ದೆಹಲಿ ಗಡಿಯಲ್ಲಿ ರೈತರು ಒಂದು ವರ್ಷ ಕೂತರು. 2020ರ ಸೆಪ್ಟೆಂಬರಿನಲ್ಲಿ ಪಾಸಾದ ಮೂರು ಕೃಷಿ ಕಾನೂನು 2021ರ ನವೆಂಬರಿನಲ್ಲಿ ವಾಪಸ್ ಹೋದವು. ಯಾವ ಹಿಂಬರಹದಿಂದ?

---

ರಿಟೈರ್ಡ್ ಗುಮಾಸ್ತ (ರಾಯಚೂರು)

ಅಣ್ಣಾವ್ರೇ, ರಸ್ತೆಗೆ ಇಳಿಯಬೇಡಿ ಅಂತ ನಾನು ಅಂದೆನಾ? ಬಾಗಿಲು ತೆಗೆಸಲು ರಸ್ತೆ ಬೇಕು. ಆದರೆ ಒಳಗೆ ಹೋಗಿ ಕೂತಾಗ ಕೈಯಲ್ಲಿ ಲೆಕ್ಕ ಇರಬೇಕು. ಇಲ್ಲದಿದ್ದರೆ ಮೇಲೆ ಕೊನೆಕಾಲುವೆಯವರು ಹೇಳಿದರಲ್ಲ, ಹಾಗೆ ಟೀ ಕುಡಿದು ಬರುವುದು.

ಇನ್ನು ಯಾವಾಗ, ಎಲ್ಲಿ ಅಂತ ಕೇಳಿದರು. ಇದರಲ್ಲೇ ನಮ್ಮವರು ಜಾಸ್ತಿ ಎಡವುವುದು. ನವೆಂಬರಿನಲ್ಲಿ ಹಾರ್ವೆಸ್ಟರ್ ಗದ್ದೆಗೆ ಇಳಿದ ಮೇಲೆ ತಹಶೀಲ್ದಾರ್ ಮುಂದೆ ಹೋಗಿ "ಬೆಂಬಲ ಬೆಲೆ ಏರಿಸಿ" ಅನ್ನುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ತಹಶೀಲ್ದಾರ್ ಕೈಯಲ್ಲಿ ಆ ಬೆಲೆಯ ಒಂದು ಪೈಸೆಯೂ ಇಲ್ಲ. ಮುಂಗಾರು ಬೆಳೆಯ ಬೆಲೆ 2024ರಲ್ಲಿ ಜೂನ್ 19ಕ್ಕೆ, 2025ರಲ್ಲಿ ಮೇ 28ಕ್ಕೆ ಘೋಷಣೆ ಆಯಿತು. ಅದಕ್ಕೂ ಮುಂಚೆ ದೆಹಲಿಯ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಕೊಟ್ಟಿರುತ್ತದೆ. 1965ರಲ್ಲಿ ಶುರುವಾದ ಆಯೋಗ ಅದು. ಶಿಫಾರಸು ಬರೆಯುವ ಮುಂಚೆ ರಾಜ್ಯಗಳನ್ನೂ ರೈತ ಸಂಘಟನೆಗಳನ್ನೂ ಕೇಳುತ್ತದೆ. ನಮ್ಮ ರಾಜ್ಯದಲ್ಲೂ 2014ರಿಂದ ಕೃಷಿ ಬೆಲೆ ಆಯೋಗ ಇದೆ. ಅಂದರೆ ಬೆಲೆಯ ಮಾತು ಆಡಬೇಕಾದದ್ದು ಚಳಿಗಾಲದಲ್ಲಿ, ಮುಂದಿನ ವರ್ಷದ ಬೆಳೆಗೆ. ಈ ವರ್ಷದ ರಾಶಿ ಮುಂದೆ ನಿಂತು ಅಲ್ಲ.

ಖರೀದಿ ಕೇಂದ್ರ ಎಷ್ಟು, ಎಲ್ಲಿ ಅನ್ನುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಟಾಸ್ಕ್‌ಫೋರ್ಸ್ ಸಮಿತಿಯಲ್ಲಿ ಮಾತಿಗೆ ಬರುತ್ತದೆ. ರಾಜ್ಯದ ದುಡ್ಡಿನ ವಿಷಯ ಆದರೆ ಮುಖ್ಯಮಂತ್ರಿಗಳು ಬಜೆಟ್ ಮುಂಚೆ ರೈತ ಮುಖಂಡರನ್ನು ಕರೆದು ಕೇಳುವ ಸಭೆ. ಕಾಲುವೆ ನೀರಾದರೆ ತುಂಗಭದ್ರಾ ಡ್ಯಾಮಿನ ಹತ್ತಿರದ ಮುನಿರಾಬಾದ್ ನೀರಾವರಿ ಕಚೇರಿ.

---

ಕಾರಟಗಿ ಮಿಲ್ ರಸ್ತೆ

ದೆಹಲಿಯ ಬೆಲೆ ಆಯೋಗದ ಲೆಕ್ಕ ನಾನು ಒಮ್ಮೆ ಕೂತು ಓದಿದ್ದೇನೆ, ನಿದ್ದೆ ಬಾರದ ರಾತ್ರಿ. 2025-26ಕ್ಕೆ ಭತ್ತದ ಉತ್ಪಾದನಾ ವೆಚ್ಚ ಕ್ವಿಂಟಲ್‌ಗೆ 1,579 ಅಂತ ಹಿಡಿದಿದ್ದಾರೆ. ಅದರ ಮೇಲೆ ಅರ್ಧ ಸೇರಿಸಿದರೆ 2,369. "ಖರ್ಚಿನ ಒಂದೂವರೆ ಪಟ್ಟು ಕೊಟ್ಟಿದ್ದೇವೆ" ಅನ್ನುವುದು ಇದೇ ಲೆಕ್ಕದ ಮೇಲೆ. ಆದರೆ ಆ ವೆಚ್ಚದಲ್ಲಿ ಕೈಯಿಂದ ಹಾಕಿದ ಖರ್ಚು, ಮನೆಯವರ ದುಡಿಮೆಯ ಕೂಲಿ ಮಾತ್ರ ಇದೆ. ಸ್ವಂತ ಜಮೀನಿನ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಇಲ್ಲ. ಅದನ್ನೂ ಸೇರಿಸಿ ಒಂದೂವರೆ ಪಟ್ಟು ಕೊಡಿ ಅನ್ನುವುದೇ ಸ್ವಾಮಿನಾಥನ್ ಆಯೋಗದ ಹೆಸರಲ್ಲಿ ನಾವು ಕೂಗುವ ಬೇಡಿಕೆ. ಮತ್ತೆ 1,579 ಇಡೀ ದೇಶದ ಸರಾಸರಿ. ನಮ್ಮ ಕಡೆ ಎಕರೆಗೆ ಲೀಸ್ ಎಷ್ಟು ನಡೆಯುತ್ತಿದೆ ಅಂತ ನಿಮಗೆಲ್ಲ ಗೊತ್ತು.

"ಸ್ವಾಮಿನಾಥನ್ ವರದಿ ಜಾರಿ ಮಾಡಿ" ಅಂತ ಬ್ಯಾನರ್ ಹಿಡಿದವರನ್ನು ಯಾವ ವೆಚ್ಚ ಬಿಟ್ಟಿದ್ದಾರೆ ಹೇಳು ಅಂದರೆ ಹತ್ತರಲ್ಲಿ ಎಂಟು ಜನ ಪಕ್ಕದವನ ಮುಖ ನೋಡುತ್ತಾರೆ. ನಾನೂ ಆ ಎಂಟರಲ್ಲಿ ಒಬ್ಬನಾಗಿದ್ದೆ.

---

ಕ್ಯಾಂಪ್ ಹುಡುಗ (ಸಿಂಧನೂರು)

ಲೀಸ್ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಹನ್ನೆರಡು ಎಕರೆ ಲೀಸಿಗೆ ಮಾಡುತ್ತೇನೆ. ನನ್ನದು ಅಂತ ಒಂದು ಗುಂಟೆ ಇಲ್ಲ. ಖರೀದಿ ಕೇಂದ್ರಕ್ಕೆ ಭತ್ತ ಒಯ್ದರೆ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ನಂಬರ್ ಕೇಳುತ್ತಾರೆ. ಐಡಿ ಪಹಣಿ ಇದ್ದವರಿಗೆ. ನಮ್ಮ ಮಾಲೀಕರು ಒಳ್ಳೆಯವರು, ಒಂದು ವರ್ಷ ಅವರ ಹೆಸರಲ್ಲಿ ಹಾಕಿಸಿದರು. ದುಡ್ಡು ಅವರ ಖಾತೆಗೆ ಬಂತು. ಅವರ ಹಳೇ ಸಾಲಕ್ಕೆ ಬ್ಯಾಂಕಿನವರು ಹಿಡಿದುಕೊಂಡರು. ನನಗೆ ಅದು ಮುಟ್ಟುವ ಹೊತ್ತಿಗೆ ಮುಂದಿನ ನಾಟಿ ಮುಗಿದಿತ್ತು. ಆಮೇಲಿಂದ ಕಟಾವಾದ ದಿನವೇ ದಲಾಲಿ ಅಂಗಡಿಗೆ ಕೊಡುತ್ತೇನೆ. ಅವರು ಸೂಟು ಅಂತ ತೂಕದಲ್ಲಿ ಮುರಿಯುತ್ತಾರೆ, ಗೊತ್ತು. ಆದರೆ ಸಂಜೆಗೆ ದುಡ್ಡು ಕೈಯಲ್ಲಿ.

ಇಷ್ಟು ಸಂಘಗಳಿವೆ. ಯಾವ ಮನವಿಯಲ್ಲಾದರೂ ಲೀಸಿನವರ ಮಾತು ನೋಡಿದ್ದೀರಾ? ಮುಖಂಡರೆಲ್ಲ ಪಹಣಿ ಇದ್ದವರು.

---

ಕೊನೆಕಾಲುವೆ

ಹದಿನಾಲ್ಕೂ ನೋಡಿದೆ. ಒಂದರಲ್ಲೂ ಇಲ್ಲ.

---

ಬಿಳಿಜೋಳ ಅಕ್ಕ (ಮಸ್ಕಿ ಕಡೆ)

ಇಲ್ಲೆಲ್ಲ ಬರೀ ಭತ್ತ, ಭತ್ತ. ಕಾಲುವೆ ಕಾಣದವರೂ ಈ ಜಿಲ್ಲೆಯಲ್ಲಿ ಇದ್ದೇವೆ ಅಣ್ಣಂದಿರಾ.

ನಮ್ಮ ಹೆಣ್ಣುಮಕ್ಕಳ ಗುಂಪು ಎರಡು ವರ್ಷದ ಹಿಂದೆ ಒಂದು ಕೆಲಸ ಮಾಡಿಸಿಕೊಂಡಿತು, ಅದನ್ನು ಹೇಳುತ್ತೇನೆ. ಜೋಳ ಮಾರಲು ಹೋದರೆ ಬೆಳೆ ಸಮೀಕ್ಷೆಯಲ್ಲಿ ಕೆಲವರ ಹೊಲದಲ್ಲಿ ಕಡಲೆ ಅಂತ ಬಂದಿತ್ತು. ಕಣದಲ್ಲಿ ಜೋಳ, ಕಂಪ್ಯೂಟರಿನಲ್ಲಿ ಕಡಲೆ. ಕೇಂದ್ರದವರು ತೆಗೆದುಕೊಳ್ಳಲಿಲ್ಲ. ಗಂಡಸರು ಕಚೇರಿ ಮುಂದೆ ಕೂಗಾಡಿ ಬಂದರು. ನಾವು ಮೊಬೈಲ್ ಬಲ್ಲ ಇಬ್ಬರು ಹುಡುಗಿಯರನ್ನು ಕೂರಿಸಿ ಬೆಳೆ ದರ್ಶಕ ಆಪಿನಲ್ಲಿ ಒಂದೊಂದೇ ಸರ್ವೆ ನಂಬರ್ ತೆಗೆದು ನೋಡಿದೆವು. ತಪ್ಪು ಇದ್ದದ್ದಕ್ಕೆಲ್ಲ ಅಲ್ಲೇ ಆಕ್ಷೇಪಣೆ ಹಾಕಿದೆವು. ಒಂದು ಪಟ್ಟಿ ಬರೆದೆವು: ಹೆಸರು, ಸರ್ವೆ ನಂಬರ್, ಇರುವ ಬೆಳೆ, ಬರೆದ ಬೆಳೆ. ಮೂವತ್ತೊಂದು ಹೊಲ. ಪಟ್ಟಿಯ ಜೊತೆ ಹೊಲದಲ್ಲಿ ನಿಂತು ತೆಗೆದ ಫೋಟೊ. ಅಧಿಕಾರಿ ಪಟ್ಟಿ ನೋಡಿ "ಇದನ್ನು ಯಾರಮ್ಮ ಮಾಡಿದ್ದು?" ಅಂದರು. ವಾರದಲ್ಲಿ ಇಪ್ಪತ್ತಾರು ಸರಿ ಆದವು. ಐದು ಆಗಲಿಲ್ಲ, ಅದರಲ್ಲಿ ನನ್ನದೂ ಒಂದು!

ಇನ್ನೊಂದು ಮಾತು. ಜೋಳದ ಬೆಂಬಲ ಬೆಲೆ ಕಾಗದದ ಮೇಲೆ ಚೆನ್ನಾಗಿದೆ, 2025-26ಕ್ಕೆ ಕ್ವಿಂಟಲ್‌ಗೆ ಹೈಬ್ರಿಡ್ ಜೋಳಕ್ಕೆ 3,699, ಮಾಲ್ದಂಡಿ ಜೋಳಕ್ಕೆ 3,749. ಆದರೆ ಸರ್ಕಾರ ಕೊಂಡ ಜೋಳ ರೇಷನ್ನಿಗೆ ಹೋಗಬೇಕು, ಅದೂ ಇಷ್ಟು ತಿಂಗಳಲ್ಲಿ ಹಂಚಿ ಮುಗಿಸಬೇಕು ಅಂತ ನಿಯಮ. ಹಂಚುವಷ್ಟೇ ಕೊಳ್ಳುತ್ತಾರೆ. 2021ರ ಕೊನೆಗೆ ಕೇಂದ್ರ ಸರ್ಕಾರ ಆ ಅವಧಿಯನ್ನು ಹೆಚ್ಚು ಮಾಡಿತು. ಸಣ್ಣ ಸುದ್ದಿ, ಯಾರೂ ಪಟಾಕಿ ಹೊಡೆಯಲಿಲ್ಲ. ಬೆಲೆ ಏರಿಸಿದ್ದಕ್ಕಿಂತ ಇಂಥದ್ದು ನಮಗೆ ಜಾಸ್ತಿ ಉಪಯೋಗ. ಅದಕ್ಕೇ ನಾನು ಅನ್ನುವುದು, ಜೋಳದವರು "ಬೆಲೆ ಏರಿಸಿ" ಅನ್ನುವ ಮುಂಚೆ "ನಮ್ಮ ಜಿಲ್ಲೆಗಳ ರೇಷನ್ ಅಂಗಡಿಯಲ್ಲಿ ಅಕ್ಕಿ ಜೊತೆ ಜೋಳ ಜಾಸ್ತಿ ಕೊಡಿ" ಅಂತ ಕೇಳಬೇಕು. ತಿನ್ನುವವರೂ ನಾವೇ ಅಲ್ವಾ? ರೊಟ್ಟಿ ಇಲ್ಲದೆ ನಮ್ಮ ಅತ್ತೆಗೆ ಊಟ ಅಂತಲೇ ಅನಿಸುವುದಿಲ್ಲ.

---

ಸಿರುಗುಪ್ಪ ಪೋರ

ಅಕ್ಕಾ, ಆ ಪಟ್ಟಿಯ ಫೋಟೊ ಇದ್ದರೆ ಹಾಕಿ. ನಾವೂ ಹಾಗೇ ಮಾಡುತ್ತೇವೆ.

ದೆಹಲಿ ಮಾತು ಒಂದು ಸೇರಿಸುತ್ತೇನೆ. 2023ರ ಜುಲೈ 20ಕ್ಕೆ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿದರು. ಆಗಸ್ಟಿನಲ್ಲಿ ಕುಚ್ಚಲಕ್ಕಿ ಮೇಲೆ ಶೇ. 20 ಸುಂಕ. ಬಿಳಿ ಅಕ್ಕಿಗೆ ಮತ್ತೆ ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್ 28ಕ್ಕೆ. ಈ ಹದಿನಾಲ್ಕು ತಿಂಗಳು ರಫ್ತುದಾರರ ಸಂಘಗಳು ಕೇಳುತ್ತಲೇ ಇದ್ದವು, ಲೆಕ್ಕ ಕೊಡುತ್ತಲೇ ಇದ್ದವು. ಭತ್ತ ಬೆಳೆದ ನಾವು? ನಮ್ಮ ಊರಿನಲ್ಲಿ ಯಾವ ಸಂಘವೂ ಒಂದು ಪತ್ರ ಬರೆಯಲಿಲ್ಲ. ರಫ್ತು ಅಂದರೆ ಮಿಲ್ಲಿನವರ ವಿಷಯ ಅಂದುಕೊಂಡೆವು. ಅಕ್ಕಿ ತುಟ್ಟಿ ಆಗಬಾರದು ಅಂತ ಪಟ್ಟಣದವರಿಗೆ ಅನುಕೂಲ ಮಾಡಿದರು, ಸರಿ. ಅದರ ಭಾರ ಯಾರ ಮೇಲೆ ಬಿತ್ತು ಅಂತ ಹೇಳಲು ಒಬ್ಬರಾದರೂ ಇರಬೇಕಿತ್ತು.

---

ಕಾರಟಗಿ ಮಿಲ್ ರಸ್ತೆ

ನಿಜ. ಆದರೆ ತಮ್ಮಾ, ಆ ವರ್ಷ ಮಳೆ ಇಲ್ಲದೆ ಡ್ಯಾಮೇ ತುಂಬಲಿಲ್ಲ. ಎರಡನೇ ಬೆಳೆ ಇಲ್ಲ. ಪತ್ರ ಬರೆಯುವ ಉಮೇದು ಯಾರಿಗಿತ್ತು?

---

ಕೊನೆಕಾಲುವೆ

ಕಾರಟಗಿ ಅಣ್ಣ, ನೀರಿನ ಮಾತು ನೀವೇ ತೆಗೆದಿರಿ, ನಾನಲ್ಲ. ನಿಮ್ಮ ಕಡೆ ಡ್ಯಾಮ್ ತುಂಬದಿದ್ದರೆ ನೀರಿಲ್ಲ. ನಮ್ಮ ಕಡೆ ಡ್ಯಾಮ್ ತುಂಬಿದರೂ ನೀರಿಲ್ಲ. ಎಡದಂಡೆ ಕಾಲುವೆ 227 ಕಿಲೋಮೀಟರ್. ಮೈಲ್ 104ರಲ್ಲಿ ಗೇಜ್ ನಿಲ್ಲಿಸಿ, ಅಂದರೆ ಅಲ್ಲಿನ ಅಳತೆಪಟ್ಟಿಯಲ್ಲಿ ನೀರಿನ ಮಟ್ಟ ಇಳಿಯದಂತೆ ನೋಡಿಕೊಳ್ಳಿ ಅಂತ ನಾವು ಪ್ರತಿವರ್ಷ ಬಾಯಿ ಬಡಿದುಕೊಳ್ಳುತ್ತೇವೆ. ಮೇಲ್ಭಾಗದಲ್ಲಿ ರಾತ್ರಿ ಪಂಪ್‌ಸೆಟ್ ಇಟ್ಟರೆ ಬೆಳಿಗ್ಗೆ ನಮ್ಮ ಗೇಜಿನಲ್ಲಿ ಕಾಣುತ್ತದೆ. ಈ ಯೋಜನೆ ಮಾಡಿದಾಗ ಇಷ್ಟು ಭತ್ತಕ್ಕೆ ಅಂತ ಮಾಡಿದ್ದಲ್ಲ, ಜಾಸ್ತಿ ಪಾಲು ಮಿತ ನೀರಾವರಿ ಬೆಳೆಗೆ, ಅಂದರೆ ಜೋಳದಂಥ ಕಡಿಮೆ ನೀರಿನ ಬೆಳೆಗೆ. ಅದು ನಿಮಗೂ ಗೊತ್ತು.

---

ಕಾರಟಗಿ ಮಿಲ್ ರಸ್ತೆ

ಗೊತ್ತು. ನಮ್ಮ ತಾತ ಜೋಳವನ್ನೇ ಬೆಳೆಯುತ್ತಿದ್ದರು. ಈಗ ಹೊಲ ಗದ್ದೆಯಾಗಿ, ನೀರು ನಿಂತು ಜವುಳು ಹಿಡಿದು, ಭತ್ತ ಬಿಟ್ಟರೆ ಬೇರೇನೂ ಬರುವುದಿಲ್ಲ. ನಾಳೆ ಬೆಳಿಗ್ಗೆ ಜೋಳ ಬಿತ್ತು ಅಂದರೆ ಬಿತ್ತಲು ಆಗುತ್ತಾ?

ಮತ್ತೆ ಕದಿಯುವುದು ನಾವು ಮಾತ್ರ ಅಂದುಕೊಳ್ಳಬೇಡಿ. ಡ್ಯಾಮಿನಲ್ಲೇ ನೀರು ಹಿಡಿಯುವ ಜಾಗ ಕಡಿಮೆ ಆಗಿದೆ. ಮೊದಲು 133 ಟಿಎಂಸಿ ಇದ್ದದ್ದು ಹೂಳು ತುಂಬಿ ಈಗ 105.788. ಹೋದ ಇಪ್ಪತ್ತೇಳು ಟಿಎಂಸಿ ಮೇಲೆ ನಾವಿಬ್ಬರೂ ಜಗಳ ಆಡುತ್ತಿದ್ದೇವೆ.

---

ಹಸಿರು ಟವಲ್

ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ ಸಭೆ ದಿನ ಹೊರಗೆ ನಿಂತು ನೋಡಿದ್ದೇನೆ. ಗಂಗಾವತಿ, ಕಾರಟಗಿ ಕಡೆಯವರು ಒಂದು ಗಾಡಿಯಲ್ಲಿ ಬರುತ್ತಾರೆ: ಇಂಥ ತಾರೀಖಿನವರೆಗೆ ನೀರು ಬಿಡಿ. ಮಾನ್ವಿ, ಸಿರವಾರದವರು ಇನ್ನೊಂದು ಗಾಡಿ: ಗೇಜ್ ನಿಲ್ಲಿಸಿ. ಬಳ್ಳಾರಿ, ಸಿರುಗುಪ್ಪದವರು ಬಲದಂಡೆ ಅಂತ ಬೇರೆ ಗೇಟಿನ ಹತ್ತಿರ. ಒಳಗಿರುವವರಿಗೆ ಇದಕ್ಕಿಂತ ಆರಾಮ ಬೇರೆ ಇಲ್ಲ. "ಮೊದಲು ನೀವು ನೀವು ಒಪ್ಪಿಕೊಂಡು ಬನ್ನಿ" ಅಂದರೆ ಮುಗಿಯಿತು.

ಒಂದೇ ಒಂದು ಸಲ ಎಲ್ಲರ ದನಿ ಒಂದಾಗಿದ್ದು ನೋಡಿದ್ದು 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಕೊಂಡು ಹೋದಾಗ. ಆಗ ಮೇಲ್ಭಾಗ ಇಲ್ಲ, ಕೊನೆಭಾಗ ಇಲ್ಲ. ಹೊಳೆಗೆ ಹೋಗುತ್ತಿದ್ದ ನೀರು ಎಲ್ಲರದ್ದು. ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿದರು. ಆ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು ಜನ ಹೊತ್ತು ಮೆರೆಸುವುದೊಂದು ಬಾಕಿ. ಆಮೇಲೆ ಮತ್ತೆ ಅವರವರ ಗಾಡಿ.

---

ರಿಟೈರ್ಡ್ ಗುಮಾಸ್ತ (ರಾಯಚೂರು)

ಎಷ್ಟು ನೀರು ಯಾರಿಗೆ ಅನ್ನುವುದು ಇಲ್ಲಿ ಬಗೆಹರಿಯುವುದಿಲ್ಲ, ಬಿಡಿ. ಇಬ್ಬರೂ ಒಪ್ಪುವ ಸಣ್ಣದೊಂದು ಹೇಳುತ್ತೇನೆ. ಮೈಲ್‌ವಾರು ಗೇಜ್ ಓದಿದ್ದನ್ನು ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯಿರಿ, ಎಲ್ಲರ ಮೊಬೈಲಿಗೆ ಬರುವಂತೆ ಮಾಡಿ ಅಂತ ಎರಡೂ ಕಡೆಯವರು ಒಂದೇ ಹಾಳೆಯಲ್ಲಿ ಕೇಳಬಹುದಲ್ವಾ? ಕದಿಯದವನಿಗೆ ಅದರಿಂದ ನಷ್ಟ ಇಲ್ಲ.

---

ಕಾರಟಗಿ ಮಿಲ್ ರಸ್ತೆ

ಗುಮಾಸ್ತ ಸರ್, ಮಾತಿನಲ್ಲೇ ಹಿಡಿದು ಹಾಕಿದಿರಿ. ಸರಿ, ನಾನು ಸಹಿ ಹಾಕುತ್ತೇನೆ. ನಮ್ಮ ಉಪಕಾಲುವೆಯಿಂದ ಇನ್ನೂ ಹತ್ತು ಜನರನ್ನು ಕರೆತರುತ್ತೇನೆ. ಹದಿನೈದು ಅನ್ನಬೇಡಿ, ಆಗುವುದಿಲ್ಲ.

---

ಕೊನೆಕಾಲುವೆ

ಹತ್ತು ಸಾಕಣ್ಣ. ಹಾಗಾದರೆ ಈ ಸಲ ಮೂರು ಬೇರೆ ಬೇರೆ ಹಾಳೆ. ಗೇಜಿನದ್ದು ಒಂದು, ನೀರಾವರಿ ಕಚೇರಿಗೆ. ಲೀಸಿನವರದ್ದು ಒಂದು: ಮಾಲೀಕರ ಒಪ್ಪಿಗೆ ಪತ್ರ ಇದ್ದರೆ ದುಡ್ಡು ಬೆಳೆದವನ ಖಾತೆಗೆ ಹಾಕಿ ಅಂತ. ಕ್ಯಾಂಪ್ ತಮ್ಮಾ, ಅದನ್ನು ನೀನೇ ಬರಿ, ಬ್ಯಾಂಕಿನವರು ಹಿಡಿದ ಕಥೆ ತಾರೀಖು ಸಮೇತ ಹಾಕು. ಮೂರನೆಯದು ತೇವಾಂಶದ್ದು. ನಮ್ಮ ಕಡೆಯ ಒಂದು ಕೇಂದ್ರದಲ್ಲಿ ಬೆಳಿಗ್ಗೆ ಎಂಟಕ್ಕೆ ಶೇ. 17.8 ತೋರಿಸಿದ ಭತ್ತ ಮಧ್ಯಾಹ್ನ ಎರಡಕ್ಕೆ 16.4 ಬಂತು. ಅದೇ ಚೀಲ, ಅದೇ ಯಂತ್ರ. ಖರೀದಿಗೆ ಮಿತಿ ಶೇ. 17. ಬೆಳಿಗ್ಗೆ ವಾಪಸ್ ಕಳಿಸಿದವರು ಟ್ರ್ಯಾಕ್ಟರ್ ಬಾಡಿಗೆ ಎರಡು ಸಲ ಕೊಟ್ಟರು.

---

ಕ್ಯಾಂಪ್ ಹುಡುಗ (ಸಿಂಧನೂರು)

ಬರೆಯುತ್ತೇನೆ ಅಣ್ಣ. ಮಾಲೀಕರನ್ನು ಒಂದು ಮಾತು ಕೇಳಬೇಕು. ಅವರ ಹೆಸರು ಬಿಟ್ಟು ಬರೆಯಬಹುದಲ್ವಾ?

---

ರಿಟೈರ್ಡ್ ಗುಮಾಸ್ತ (ರಾಯಚೂರು)

ಬಿಟ್ಟು ಬರಿ. ಸರ್ವೆ ನಂಬರೂ ಬೇಡ. ತಾರೀಖು, ಚೀಲ, ದುಡ್ಡು ಇಷ್ಟಿದ್ದರೆ ಸಾಕು. ಬರೆದ ಮೇಲೆ ನನಗೆ ಕಳಿಸು, ಒಮ್ಮೆ ಓದಿ ಕೊಡುತ್ತೇನೆ. ಮತ್ತೆ ಎಲ್ಲರೂ ಕ್ವಿಂಟಲ್‌ನಲ್ಲೇ ಬರೆಯಿರಿ, ಚೀಲ ಬ್ರಾಕೆಟ್ಟಿನಲ್ಲಿ.

---

ಬಿಳಿಜೋಳ ಅಕ್ಕ (ಮಸ್ಕಿ ಕಡೆ)

ತೇವಾಂಶ ಅಳೆಯುವ ಯಂತ್ರ ನಮ್ಮ ಗುಂಪಿನ ಹತ್ತಿರ ಒಂದಿದೆ. ಜೋಳಕ್ಕೆ ಅಂತ ತಂದದ್ದು, ಭತ್ತಕ್ಕೂ ಬಟನ್ ಇದೆ. ಸೋಮವಾರ ತರುತ್ತೇನೆ, ಒಂದೇ ಚೀಲವನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಅಳೆದು ಬರೆದುಕೊಳ್ಳಿ. ಆದರೆ ಅದರ ಸೆಲ್ ಮುಗಿದಿದೆ, ಚೌಕದ ಸೆಲ್. ನಮ್ಮ ಊರ ಅಂಗಡಿಯಲ್ಲಿ ಸಿಗಲ್ಲ. ಸಿಂಧನೂರು ಕಡೆಯಿಂದ ಬರುವವರು ಎರಡು ತನ್ನಿ.